ಸದ್ದು ಬಿಟ್ಟ ಬೈಕು

ಈವತ್ತು ಬೆಳಿಗ್ಗೆ ಜಗಲಿಯ ಮೇಲೆ ಕೂತು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆ. ಪಕ್ಕದ ಮನೆಯವರು ಬಾಟಲಿಯಿಂದ ತಮ್ಮ ಗಾಡಿಗೆ ಪೆಟ್ರೋಲು ಸುರಿಯುತ್ತಿದ್ದರು, ಅರ್ಧ ಟ್ಯಾಂಕಿಗೆ, ಅರ್ಧ ನೆಲಕ್ಕೆ. ವಾಸನೆ ಗೋಡೆ ಹಾರಿ ನನ್ನ ತಟ್ಟೆಯವರೆಗೂ ಬಂತು. ಬೇರೆಯವರಾಗಿದ್ದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ನಾನು ತಿನ್ನುವುದು ಬಿಟ್ಟು ಮೂಗರಳಿಸಿ ಕೂತೆ. ನನ್ನಂಥವರು ನಿಮ್ಮ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಗಳದ ಮಲ್ಲಿಗೆ ಅರಳಿದ್ದು ಅವರಿಗೆ ತಿಳಿಯುವುದಿಲ್ಲ, ಬೀದಿಯ ಕೊನೆಯಲ್ಲಿ ಪೆಟ್ರೋಲು ಚೆಲ್ಲಿದ್ದು ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಈಗ ಆ ವಾಸನೆ ಇಲ್ಲ. ಮೊದಲು ಇತ್ತು, ಧಾರಾಳವಾಗಿ. ಚಳ್ಳಕೆರೆಯಲ್ಲಿ ನನ್ನದೊಂದು ಶೇಂಗಾ ಮಂಡಿ. ಎಣ್ಣೆಯ ಊರಿನಲ್ಲಿ ಎಣ್ಣೆ ವಾಸನೆ ಯಾರಿಗೂ ಹೊಸದಲ್ಲ, ಆದರೆ ನನ್ನ ಮೈಮೇಲೆ ಇರುತ್ತಿದ್ದದ್ದು ಇಂಜಿನ್ ಆಯಿಲ್ಲು. ಕಾರಣ ನನ್ನ ಬೈಕು. ಮದುವೆಗೆ ಮುಂಚೆ ಕೊಂಡದ್ದು. ಹೆಣ್ಣು ನೋಡಲು ಮೊಳಕಾಲ್ಮೂರಿಗೆ ಅದರ ಮೇಲೇ ಹೋಗಿದ್ದೆ. ಸದ್ದು ಕೇಳಿದ ಮೇಲೆ ರವೆ ಹುರಿಯಲು ಇಟ್ಟರಂತೆ, ನಾನು ಬಾಗಿಲಿಗೆ ಬರುವಷ್ಟರಲ್ಲಿ ಉಪ್ಪಿಟ್ಟು ಸಿದ್ಧವಿತ್ತಂತೆ. ಇದು ನನ್ನ ಹೆಂಡತಿ ಗಿರಿಜೆ ಹೇಳುವ ಮಾತು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಹೆಚ್ಚೇನಿಲ್ಲ.

ಮದುವೆಯಾದ ಮೇಲೆ ಭಾನುವಾರಗಳಲ್ಲಿ ಇಬ್ಬರೂ ಉಳ್ಳಾರ್ತಿ ಕಾವಲಿನ ಕಡೆ ಹೋಗುತ್ತಿದ್ದೆವು. ಈಗ ಅಲ್ಲಿ ಉದ್ದಕ್ಕೂ ಗೋಡೆ, ಬೇಲಿ, ಗೇಟು. ಆಗ ಕಣ್ಣು ಹಾಯಿಸಿದಷ್ಟೂ ಹುಲ್ಲು. ನನ್ನ ಬೈಕಿನ ಸದ್ದಿಗೆ ಅಮೃತಮಹಲ್ ದನಗಳು ತಲೆಯೆತ್ತಿ ನೋಡುತ್ತಿದ್ದವು. ಅದು ಮೆಚ್ಚುಗೆ ಎಂದೇ ನಾನು ತಿಳಿದಿದ್ದೆ.

ಆ ಗಾಡಿಗೆ ಸೆಲ್ಫ್ ಸ್ಟಾರ್ಟ್ ಎಂಬ ನಾಜೂಕು ಇರಲಿಲ್ಲ. ಕಿಕ್ಕರ್ ತುಳಿಯಬೇಕು. ತುಳಿದರೆ ಒಮ್ಮೊಮ್ಮೆ ಅದು ವಾಪಸ್ ಒದೆಯುತ್ತಿತ್ತು. ಹೀಗೆ ಒದೆಸಿಕೊಂಡೂ ಒದೆಸಿಕೊಂಡೂ ಕೊನೆಗೊಂದು ದಿನ ಡಾಕ್ಟರ ಮುಂದೆ ಕೂತೆ. ಅವರು ನನ್ನ ಕಾಲನ್ನು ಮಡಿಸಿ, ಬಿಡಿಸಿ, ಗಂಭೀರವಾಗಿ ಹೇಳಿದರು: "ಕಿಕ್ ಹೊಡೆಯೋದು ಇವತ್ತಿಗೇ ನಿಲ್ಸಿ. ಇಲ್ಲಾಂದ್ರೆ ಮಂಡಿ ಬದಲಾಯಿಸ್ಬೇಕಾಗ್ತದೆ." ಇರುವ ಒಂದು ಮಂಡಿಯನ್ನು ಎಪಿಎಂಸಿಯಲ್ಲಿ ಇನ್ನೆಲ್ಲಿಗೆ ಬದಲಾಯಿಸಲಿ ಎಂದು ಕ್ಷಣಕಾಲ ಯೋಚಿಸಿಯೇಬಿಟ್ಟೆ. ಅಷ್ಟು ವ್ಯಾಪಾರಿ ನಾನು.

ಬೈಕು ಮಂಡಿಯ ಹಿಂದಿನ ಪಡಸಾಲೆ ಸೇರಿತು. ಮೊದಲು ಅದರ ಮೇಲೆ ಬಟ್ಟೆ ಹೊದಿಸಿದ್ದೆ. ಆಮೇಲೆ ಹಮಾಲರು ಖಾಲಿ ಗೋಣಿಚೀಲ ಹೊದಿಸಿದರು. ಹೊಸದು ಕೊಳ್ಳಿ ಎಂದರು ಎಲ್ಲರೂ. ನನಗೆ ಬರೀ ಎರಡು ಚಕ್ರ ಬೇಕಾಗಿದ್ದರೆ ಹೊಸದು ಕೊಳ್ಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದರ ಮೇಲೆ ಕೂತು ಇನ್ನೊಮ್ಮೆ ತಳಕಿನ ರಸ್ತೆಯಲ್ಲಿ ಹೋಗುವುದು. ಅದಾಗದೆ ಸಂಜೆ ಹೊತ್ತು ಗೋಣಿಚೀಲ ಸರಿಸಿ, ಸೀಟಿನ ಮೇಲೆ ಸುಮ್ಮನೆ ಕೂತು ಬರುತ್ತಿದ್ದೆ. ಹಮಾಲರು ನೋಡಿಯೂ ನೋಡದವರಂತೆ ಇದ್ದರು, ಪುಣ್ಯವಂತರು.

ಆಗಲೇ ಹಳೇ ಬೈಕಿನ ಇಂಜಿನ್ನು ತೆಗೆದು ಬ್ಯಾಟರಿ, ಮೋಟಾರು ಕೂರಿಸುವ ಸುದ್ದಿ ಕಿವಿಗೆ ಬಿದ್ದದ್ದು. ಚಹಾದಂಗಡಿಯಲ್ಲಿ ವಿಷಯ ತೆಗೆದದ್ದೇ ತಪ್ಪಾಯಿತು. ನನ್ನ ಗೆಳೆಯ ರುದ್ರಪ್ಪ, ಅವನೂ ಹಳೇ ಬೈಕಿನ ಹುಚ್ಚನೇ, ಲೋಟ ಕೆಳಗಿಟ್ಟ.

"ಲೇ, ಇಂಜಿನ್ ಕಿತ್ತ ಮ್ಯಾಲೆ ಅದ್ರಾಗೆ ಏನ್ ಉಳಿತೈತಲೇ? ಗುಂಯ್ಯಂತ ಹೋಗಾದಾದ್ರೆ ಮನೆ ಮಿಕ್ಸಿ ಮ್ಯಾಲೆ ಕುಂತ್ಕ!"

ನಾನೂ ಹೌದು ಹೌದು ಎಂದೆ. ಯಾಕೆಂದರೆ ನನ್ನ ವಾದವೂ ಅದೇ ಆಗಿತ್ತು. ಹೊಸ ಎಲೆಕ್ಟ್ರಿಕ್ ಗಾಡಿ ಹೊಸಬರಿಗೆ ಇರಲಿ, ಬೇಡವೆನ್ನಲು ನಾನ್ಯಾರು? ಆದರೆ ಹಳೆಯದರ ಹೊಟ್ಟೆ ಬಗೆದು ಬ್ಯಾಟರಿ ತುರುಕುವುದು? ಲಾಭದ ಲೆಕ್ಕದಲ್ಲಿ ಅರ್ಥವಿಲ್ಲ, ಪ್ರೀತಿಯ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ. ದಾರಿಯಲ್ಲಿ ಚಾರ್ಜು ಮುಗಿದರೆ ಯಾರ ಮನೆಯ ಪ್ಲಗ್ಗು ಕೇಳುವುದು? ಸದ್ದೇ ಇಲ್ಲದಿದ್ದರೆ ಗಾಡಿ ಬದುಕಿದೆಯೆಂದು ತಿಳಿಯುವುದಾದರೂ ಹೇಗೆ? ಹೀಗೆಲ್ಲ ಮಾತಾಡಿ, ಮಾರನೆಯ ವಾರ ಯಾರಿಗೂ ಹೇಳದೆ ಬೈಕನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಮೊಳಕಾಲ್ಮೂರಿಗೆ ಹೋದೆ.

ಅಲ್ಲಿ ಓಬಳೇಶ ಎಂಬುವವನಿದ್ದ. ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದವನು ಈಗ ಬೈಕುಗಳಿಗೆ ಬ್ಯಾಟರಿ ಕೂರಿಸುವುದನ್ನೂ ಕಲಿತಿದ್ದ. ಬಾಯಿ ಮಾತ್ರ ಎರಡು ಮೋಟಾರಿನಷ್ಟು. ನನ್ನ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಣ್ಣಾರೆ, ಇದನ್ನ ಕುದ್ರೆ ಮಾಡಿ ಕೊಡ್ತೀನಿ" ಎಂದ. ನಾನು, "ನೋಡಿ ಮಾಡಪ್ಪ" ಎಂದು ಹೇಳಿ, ಬೈಕನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ನಮ್ಮ ಮಂಡಿ ಭಾಷೆಯಲ್ಲಿ 'ನೋಡಿ ಮಾಡು' ಎಂದರೆ ಸದ್ಯಕ್ಕೆ ಏನೂ ಮಾಡಬೇಡ ಎಂದರ್ಥ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಸಂಬಂಧವೂ ಕೆಡಲಿಲ್ಲ.

ಕೆಲವು ವಾರ ಕಳೆದವು. ಬೇಡ ಎಂದು ನಿರ್ಧರಿಸಿ, ವಾಪಸ್ ತರಿಸೋಣವೆಂದು ಫೋನು ಮಾಡಿದೆ. ಎತ್ತಿದ್ದು ಅವನ ತಾಯಿ. ಮಗ ಫೋನು ಮನೆಯಲ್ಲೇ ಬಿಟ್ಟು ಎಲ್ಲೋ ಹೋಗಿದ್ದಾನೆ. ಆಕೆಗೆ ತೆಲುಗೇ ಸಲೀಸು. ನನಗೆ ತೆಲುಗು ಬರುತ್ತದೆ ಎಂಬುದು ನಾನು ಮಾತ್ರ ಒಪ್ಪಿಕೊಂಡಿರುವ ಸಂಗತಿ. ಧೈರ್ಯವಾಗಿ, "ಬಂಡಿ ಉಂದಾ ಅಮ್ಮಾ?" ಎಂದೆ, ಗಾಡಿ ಇದೆಯಾ ಎಂಬರ್ಥದಲ್ಲಿ.

"ಮಾರ್ಚೇಸಿನಾಡು ನಾಯ್ನಾ, ನಿನ್ನನೇ ಮಾರ್ಚೇಸಿನಾಡು."

ನಿನ್ನೆಯೇ ಮಾರಿಬಿಟ್ಟ! ಮನೆಗೆ ಓಡಿ ಬಂದು, "ಓಬಳೇಶ ನನ್ನ ಗಾಡಿ ಮಾರ್ಕೊಂಡ" ಎಂದು ಕೂಗಿದೆ. ಗಿರಿಜೆ ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ನನ್ನ ಜೊತೆಗೇ ಹೊರಟಳು. ತವರೂರಿನವನು ಹೀಗೆ ಮಾಡಿದನಲ್ಲ ಎಂದು ಅವಳಿಗೆ ನನಗಿಂತ ಸಿಟ್ಟು.

ಬಸ್ಸಿನಲ್ಲಿ ಕೂತವನು ದೇವರ ಜೊತೆ ಚೌಕಾಸಿಗೆ ಇಳಿದೆ. ಚಳ್ಳಕೆರೆ ಬಿಡುವಾಗ ನನ್ನ ಬೇಡಿಕೆ, ಗಾಡಿ ಕೊಟ್ಟಂತೆಯೇ ಸಿಗಬೇಕು ಎಂಬುದು. ತಳಕು ಬರುವಷ್ಟರಲ್ಲಿ, ಒಂದೆರಡು ಪಾರ್ಟು ಹೋಗಿದ್ದರೂ ಪರವಾಗಿಲ್ಲ ಎಂದೆ. ಬಿ.ಜಿ. ಕೆರೆ ದಾಟಿದಾಗ, ಇಂಜಿನ್ನು ಹೋದರೂ ಹೋಗಲಿ, ಬೈಕಿನ ಮೈಯಾದರೂ ಸಿಗಲಿ ಸ್ವಾಮಿ ಎಂಬಲ್ಲಿಗೆ ಇಳಿದಿದ್ದೆ. ಅಷ್ಟು ಕಡಿಮೆಗೆ ನಾನು ಯಾವತ್ತೂ ವ್ಯಾಪಾರ ಮುಗಿಸಿದವನಲ್ಲ.

ಓಬಳೇಶನ ಮನೆ ಮಗ್ಗದ ಬೀದಿಯಲ್ಲಿ. ಆ ತಾಯಿ ಬಾಗಿಲಲ್ಲೇ ಕೂತಿದ್ದರು. ಗಿರಿಜೆ ಅವರ ಜೊತೆ ತೆಲುಗಿನಲ್ಲಿ ಬಿರುಸಾಗಿ ಶುರುಮಾಡಿದಳು. ನಡುವೆ ಮಾತು ನಿಂತಿತು. ನನ್ನ ಕಡೆ ತಿರುಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಜಗಲಿಯ ಮೇಲೆ ಕುಸಿದು ಕೂತು ನಗತೊಡಗಿದಳು.

"ಮಾರಿಲ್ರೀ! ಮಾರ್ಚಿದಾನಂತೆ! ಮಾರ್ಚೋದು ಅಂದ್ರೆ ತೆಲುಗ್ನಾಗೆ ಬದಲಾಯ್ಸೋದು. ಬ್ಯಾಟ್ರಿ ಕೂರ್ಸಿದಾನಂತೆ ಮಾರಾಯ್ರೆ!"

ಹಾಗಾದರೆ ಗಾಡಿ ಇದೆ! ನಾನೂ ಪಕ್ಕದಲ್ಲೇ ಕೂತೆ. ಮಗ್ಗಗಳ ಲಟಪಟದ ನಡುವೆ ಏನೂ ಕೇಳಿಸಲಿಲ್ಲ, ತಲೆಯೆತ್ತಿದರೆ ಓಬಳೇಶ ನನ್ನ ಬೈಕಿನ ಮೇಲೆ ಕೂತು ಎದುರಿಗೇ ಬಂದಿದ್ದ. ಅದೇ ಟ್ಯಾಂಕು, ಅದೇ ಸೀಟು, ಅದೇ ದುಂಡನೆಯ ದೀಪ. ಇಂಜಿನ್ನಿದ್ದ ಜಾಗದಲ್ಲಿ ಒಂದು ಕಪ್ಪು ಪೆಟ್ಟಿಗೆ. ಅವನ ಮುಖ ಸಣ್ಣಗಾಗಿತ್ತು.

"ಬೈಬ್ಯಾಡ್ರಿ ಅಣ್ಣಾರೆ. ನೀವೇ ನೋಡಿ ಮಾಡಪ್ಪ ಅಂದ್ರಲ್ಲ? ನೋಡ್ದೆ, ಮಾಡ್ದೆ. ಹಳೇ ಇಂಜಿನ್ನು ಎಣ್ಣೆ ಹಚ್ಚಿ ಎತ್ತಿಟ್ಟೀನಿ, ಬ್ಯಾಡಾಂದ್ರೆ ಅದನ್ನೇ ಕೂರಿಸ್ತೀನಿ."

ಬೇರೆ ದಿನವಾಗಿದ್ದರೆ ಬೀದಿ ಸೇರುವಂತೆ ಕೂಗುತ್ತಿದ್ದೆ. ಆದರೆ ಆಗ ಮಗುವನ್ನು ಜಾತ್ರೆಯಲ್ಲಿ ಕಳೆದುಕೊಂಡು ಮತ್ತೆ ಪಡೆದವನ ಸ್ಥಿತಿ ನನ್ನದು, ಅಂಗಿ ಯಾಕೆ ಬದಲಾಗಿದೆ ಎಂದು ಯಾರು ಕೇಳುತ್ತಾರೆ? "ಐತಲ್ಲಪ್ಪ, ಸಾಕು" ಎಂದೆ. ಚಹಾದಂಗಡಿಯಲ್ಲಿ ಶುರುವಾದ ವಾದ ಅಲ್ಲಿಗೆ ಮುಗಿಯಿತು. ಹಳೇ ಬೈಕಿನ ಹುಚ್ಚರಿಗೆ ಇದು ಅರ್ಥವಿರುವ ಕೆಲಸವೇ ಎಂದು ಈಗಲೂ ಯಾರಾದರೂ ಕೇಳಿದರೆ, ಗಾಡಿ ಕಳೆದುಹೋಯಿತು ಎಂದು ಅರ್ಧ ದಿನ ಅಂದುಕೊಂಡು ನೋಡಿ ಎನ್ನುತ್ತೇನೆ.

ಆರ್‌ಟಿಓ ಕಾಗದಪತ್ರವೆಲ್ಲ ಮುಗಿದ ಮೇಲೆ, ಗಾಡಿ ತರಲು ಇಬ್ಬರೂ ಮತ್ತೆ ಹೋದೆವು. ಕೀಲಿ ತಿರುಗಿಸಿದೆ. ಒದೆಯಲಿಲ್ಲ, ಒದೆಸಿಕೊಳ್ಳಲಿಲ್ಲ. ಹೊರಟೇಬಿಟ್ಟಿತು. ಊರು ದಾಟಿದ ಮೇಲೆ ಗಾಳಿ ಕೇಳಿಸಿತು, ಹೊಲದಲ್ಲಿ ಯಾರೋ ಯಾರನ್ನೋ ಕರೆದದ್ದು ಕೇಳಿಸಿತು, ಗಿರಿಜೆಯ ಬಳೆ ಕೇಳಿಸಿತು. ಅವಳ ಮಾತು ಮಾತ್ರ ಕೇಳಿಸಲಿಲ್ಲ.

"ಯಾಕೆ, ಮಾತೇ ಇಲ್ಲ?" ಎಂದೆ.

"ಈಗ ನಿಮಗೆ ಕೇಳಿಸ್ತೈತಲ್ರೀ."

"ಕೇಳಿಸ್ಲಿ ಬಿಡು."

ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಳು. ಆಮೇಲೆ ಹೇಳಿದಳು. "ಆಗೆಲ್ಲ ನಿಮ್ಮ ಬೆನ್ನಿಗೆ ಹೇಳ್ತಿದ್ದೆ. ಆ ಸದ್ದಿನಾಗೆ ನಿಮಗೆ ಒಂದಕ್ಷರ ಕೇಳಲ್ಲಾಂತ ಗೊತ್ತಿತ್ತು. ಮನೆ ತುಂಬ ಜನ, ಅಲ್ಲಿ ಎಲ್ಲಿ ಮಾತಾಡ್ಲಿ? ನಮ್ಮಪ್ಪ ತೀರಿಕೊಂಡಾಗ ಕಾರ್ಯ ಮುಗಿಸ್ಕೊಂಡು ಇದೇ ದಾರ್‍ಯಾಗೆ ಬಂದ್ವಲ್ಲ, ಬಿ.ಜಿ. ಕೆರೆಯಿಂದ ತಳಕಿನ ಗಂಟ ಅತ್ತಿದ್ದೆ. ಜೋರಾಗೇ ಅತ್ತಿದ್ದೆ."

ನನಗೆ ಆ ದಿನ ನೆನಪಿದೆ. ಒಣಗಿದ ಕಣ್ಣಲ್ಲಿ ಮನೆಯೊಳಗೆ ಬಂದು ನೇರ ಅಡುಗೆಗೆ ನಿಂತವಳನ್ನು ನೋಡಿ ನಮ್ಮವ್ವ, ಗಟ್ಟಿ ಹೆಣ್ಣು ಎಂದು ಬಂದವರಿಗೆಲ್ಲ ಹೇಳಿದ್ದಳು. ದಾರಿಯ ಬಗ್ಗೆ ನನಗೆ ನೆನಪಿರುವುದು ಒಂದೇ. ಆ ದಿನ ಇಂಜಿನ್ನು ಎಂದೂ ಇಲ್ಲದಷ್ಟು ನಯವಾಗಿ ಓಡಿತ್ತು.

"ಗಾಡಿ ಪಕ್ಕಕ್ಕೆ ಹಾಕ್ಲಾ?" ಎಂದೆ.

"ಬ್ಯಾಡ, ಹೋಗ್ತಾ ಇರ್ರಿ. ಮಕ ನೋಡ್ಕಂತ ಹೇಳಾಕೆ ಬರಲ್ಲ ನನಗೆ."

ಹೋಗುತ್ತಾ ಇದ್ದೆ. ಅವಳು ಹೇಳುತ್ತಾ ಇದ್ದಳು. ಅಪ್ಪನದು, ನಮ್ಮವ್ವನದು, ನನ್ನದೂ. ಊರು ಬಂದಾಗ ನಿಟ್ಟುಸಿರು ಬಿಟ್ಟು ಇಳಿದಳು. ನಾನೂ ಬಿಟ್ಟೆ. ಏನೋ ಕಳೆದುಕೊಂಡೆನೆಂದು ಅಳುಕುತ್ತಾ ಹೊರಟವನು, ಹಗುರಾಗಿ ಮನೆ ಸೇರಿದ್ದೆ.

ಮಂಡಕ್ಕಿ ಮುಗಿಯಿತು. ಈವತ್ತು ಭಾನುವಾರ, ಮೊಳಕಾಲ್ಮೂರಿನ ಹತ್ತಿರದ ಬ್ರಹ್ಮಗಿರಿಯ ಕಡೆ ಹೋಗುವುದೆಂದು ತೀರ್ಮಾನವಾಗಿದೆ. ಗಿರಿಜೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಹೇಳಲು ಬಹಳಷ್ಟಿದೆ ಎಂಬುದು ಮುಖದಲ್ಲೇ ಕಾಣುತ್ತಿದೆ. ಈಚೆಗೆ ನಾನು ತುಂಬ ನಿಧಾನ ಓಡಿಸುತ್ತೇನೆ, ಎತ್ತಿನ ಗಾಡಿಯವರೂ ಹಿಂತಿರುಗಿ ನೋಡುತ್ತಾರೆ. ಯಾಕಲೇ ಎಂದು ರುದ್ರಪ್ಪ ಕೇಳಿದರೆ, ಬ್ಯಾಟರಿ ಉಳಿಸೋಕೆ ಎನ್ನುತ್ತೇನೆ. ಅವಳ ಮಾತು ಮುಗಿಯುವ ಮೊದಲೇ ಊರು ಬಂದುಬಿಡುತ್ತದೆ ಎಂದು ಅವನಿಗೆ ಹೇಗೆ ಹೇಳಲಿ?