ದೋಸೆ ಕಾವಲಿಯ ಮೇಲೆ ಬನಿಯನ್ನು

ಬೀರೂರಿನಲ್ಲಿ ಬನಿಯನ್ನುಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರೊಬ್ಬರಿದ್ದರು. ಯಾರು ಅವಸರ ಮಾಡಿದರೂ, "ಬಣ್ಣ ಬೇಯ್ಲಿ ಕಣ್ರೀ, ಹಸೀದು ನೀರಿಗೆ ನಿಲ್ಲಲ್ಲ" ಎನ್ನುತ್ತ ಕರೆಂಟಿನ ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ಇರುತ್ತಿದ್ದರು.

ನಮ್ಮ ಕಬಡ್ಡಿ ಫೈನಲ್ಲಿನ ಬೆಳಿಗ್ಗೆ ಕರೆಂಟು ಹೋಯಿತು. ಅವರು ನಮ್ಮ ತಂಡದ ಹೆಸರು ಅಚ್ಚೊತ್ತಿದ್ದ ಹಸಿ ಬನಿಯನ್ನುಗಳನ್ನು ಹೊತ್ತು ಪಕ್ಕದ ಹೋಟೆಲಿಗೆ ನುಗ್ಗಿದರು. ಕಾದ ದೋಸೆ ಕಾವಲಿಯಿಂದ ಗೇಣು ಮೇಲೆ ಒಂದೊಂದನ್ನೇ ಬಿಗಿಯಾಗಿ ಹಿಡಿದರು.

"ಗಿರಾಕಿಗಳು ಕಾಯ್ತಾವ್ರೆ ಕಣ್ರೀ!" ಹೋಟೆಲಿನವನು ಕೂಗಿಕೊಂಡ.

"ದೋಸೆ ಆಮೇಲ್ ಹುಯ್ಯಪ್ಪಾ, ಮೊದ್ಲು ಇದು ಬೇಯ್ಲಿ!"

ದೋಸೆ ವಾಸನೆಯ ಬನಿಯನ್ನು ತೊಟ್ಟು, ಮಣ್ಣಿನಲ್ಲಿ ಹೊರಳಾಡಿ, ಒಂದೇ ಪಾಯಿಂಟಿನಿಂದ ಸೋತೆವು. ನನಗೆ ಅಳುವೇ ಬಂತು. ಆಟ ನೋಡುತ್ತಿದ್ದ ಪ್ರಿಂಟಿಂಗಿನವರು ಓಡಿಬಂದು ನನ್ನೆದೆಗೆ ಚೊಂಬು ನೀರು ಸುರಿದರು. ತಂಡದ ಹೆಸರನ್ನು ಹೆಬ್ಬೆರಳಿನಿಂದ ಗಸಗಸ ಉಜ್ಜಿ, ಗೆದ್ದವರೂ ತಿರುಗಿ ನೋಡುವಂತೆ ಕುಣಿದಾಡಿದರು:

"ಬೆಂದೈತೆ ಕಣ್ರೀ! ಬೆಂದೈತೆ!"