ಚಳಿಯ ಜೊತೆ ಚೌಕಾಸಿ

ಇವತ್ತು ಬೆಳಿಗ್ಗೆ ಈ ವರ್ಷದಲ್ಲಿ ಮೊದಲ ಸಲ ಹೀಟರ್ ಹಾಕಿದೆ. ಬಿಸಿಗಾಳಿ ಬರುವ ನೆಲದ ಜಾಲರಿಯಿಂದ ಸುಟ್ಟ ಧೂಳಿನ ವಾಸನೆ ಬಂತು. ಬೇರೆಯವರಿಗೆ ಇದು ಬೆಚ್ಚಗಿನ ವಾಸನೆಯಂತೆ, ನಾನು ಮಾತ್ರ ಎದ್ದು ಕಿಟಕಿಯಾಚೆ ನೋಡುತ್ತೇನೆ. ವೀಳ್ಯದೆಲೆಯ ಕುಂಡ ಇನ್ನೂ ಹೊರಗಿದೆ. ಮಣಭಾರ. ಶನಿವಾರ ಮಗಳು ಬಂದು ಎತ್ತಿಡುತ್ತಾಳೆ, ಇನ್ನು ಮೂರೇ ದಿನ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನೋಡಿ, ಈ ‘ಇನ್ನು ಮೂರೇ ದಿನ’ ಇದೆಯಲ್ಲ, ಅದು ನನಗೆ ಹಳೆಯ ಪರಿಚಯ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಅಮೆರಿಕದ ಈ ಅಲ್ಫರೆಟಾ ಊರಿಗೆ ಬಂದು ಎರಡು ವರ್ಷವಾಗಿತ್ತು. ಕನ್ನಡದವರ ನಡುವೆ ನನಗೊಂದು ಹೆಸರಿತ್ತು: ಬೆಲೆ ಇಳಿಸುವವಳು. ಬೆಲೆಯ ಚೀಟಿ ಅಂಟಿಸಿಟ್ಟ ಸೋಫಾಕ್ಕೂ ಚೌಕಾಸಿ ಮಾಡಿ ಗೆದ್ದವಳು ನಾನು. ನಿಮಗೂ ಹೇಳಿಬಿಡುತ್ತೇನೆ, ಕಾರು ಕೊಳ್ಳುವುದಾದರೆ ತಿಂಗಳ ಕೊನೆಯ ದಿನ, ಮಳೆ ಸುರಿಯುವಾಗ ಹೋಗಿ. ಮಾರುವವನು ಒಬ್ಬನೇ ಕೂತು ಬಾಗಿಲು ನೋಡುತ್ತಿರುತ್ತಾನೆ.

ಆ ಅಕ್ಟೋಬರಿನಲ್ಲಿ ಶಾರ್ಲೆಟ್‌ನಿಂದ ನಾಗರತ್ನ ಆಂಟಿ ಬಂದರು. ಡಾಕ್ಟರ ಹೆಂಡತಿ, ನಾವೆಲ್ಲ ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗಲೇ ಈ ದೇಶಕ್ಕೆ ಬಂದವರು. ನಾಲ್ಕು ಗಂಟೆ ಡ್ರೈವ್ ಮಾಡಿದ್ದರು. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ವೀಳ್ಯದೆಲೆ ಬಳ್ಳಿ ಕೂತಿತ್ತು. ಮೇ ತಿಂಗಳಲ್ಲಿ ಮಗಳ ಮದುವೆ. ಸೀರೆ, ಒಡವೆ ಅಂತ ಮೈಸೂರಿಗೆ ಹೊರಟಿದ್ದರು, ವಾಪಸು ಬರುವ ತನಕ ಬಳ್ಳಿ ನನ್ನ ಹತ್ತಿರ. ಬಳ್ಳಿ ಆ ಮಗಳು ಹುಟ್ಟಿದ ವರ್ಷ ನೆಟ್ಟದ್ದು.

“ಧಾರೆ ಹೊತ್ತಿಗೆ ಅವಳ ಕೈಲಿಡೋ ಎಲೆ ಇದರದೇ ಆಗ್ಬೇಕು ಕಣೇ. ಐವತ್ತು ಡಿಗ್ರಿಗೆ ಇಳೀತು ಅಂದ್ರೆ ಒಳಗಿಡು.”

“ಐವತ್ತಾ? ಅದು ಚಳೀನೇ ಅಲ್ಲ ಆಂಟಿ!”

“ನಿಂಗಲ್ಲ. ಅದಕ್ಕೆ.”

ನನಗೋ, ಅದು ಏರಿಸಿ ಹೇಳಿದ ಬೆಲೆಯ ಹಾಗೇ ಕೇಳಿಸಿತು. ಈ ದೇಶದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ. ನಡುವಿನ ಹದಿನೆಂಟು ಡಿಗ್ರಿ ಯಾಕೆ ಬಿಟ್ಟುಕೊಡಲಿ? ನವೆಂಬರಿನ ಬಿಸಿಲು ಪುಕ್ಕಟೆ, ಬಳ್ಳಿ ಕುಡಿಯಲಿ. ಟಿವಿಯವನು ‘ಇವತ್ತು ರಾತ್ರಿ ಮೂವತ್ತಾರು’ ಅಂದ ಸಂಜೆ ಹೊರಗೆ ಬಂದು ಆಕಾಶ ನೋಡಿದೆ. ಚೂರೂ ಮೋಡವಿಲ್ಲ, ಬೆಂಗಳೂರಿನ ಡಿಸೆಂಬರಿನ ಹಾಗೆ ಫಳಫಳ. ಇನ್ನು ಮೂರೇ ದಿನ ಬಿಸಿಲು ಕುಡಿಯಲಿ, ಆಮೇಲೆ ಒಳಗಿಡೋಣ ಅಂದುಕೊಂಡು ಹಳೆಯ ಪಂಚೆಯೊಂದನ್ನು ಹೊದಿಸಿ ಒಳಗೆ ಹೋದೆ. ಮೋಡವಿಲ್ಲದ ರಾತ್ರಿಯೇ ನೆಲದ ಕಾವೆಲ್ಲ ಹಾರಿಹೋಗುವುದು, ಟಿವಿಯವನ ಅಂಕಿ ಪೇಟೆಯ ಏರ್‌ಪೋರ್ಟಿನದು, ನಮ್ಮ ಕಡೆ ಇನ್ನೂ ತಣ್ಣಗೆ ಅಂತೆಲ್ಲ ನನಗೆ ಯಾರೂ ಹೇಳಿರಲಿಲ್ಲ. ಸುಳ್ಳು ಯಾಕೆ, ನಾನೂ ಕೇಳಿರಲಿಲ್ಲ.

ಬೆಳಿಗ್ಗೆ ಪಂಚೆ ತೆಗೆದರೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿದ್ದವು. ಐದು ವರ್ಷದ ಮಗಳು ಬಗ್ಗಿ ನೋಡಿ, “ಅಮ್ಮಾ, ಇಟ್ಸ್ ಡೆಡ್. ಆಂಟಿ ಅಳ್ತಾರೆ?” ಅಂದಳು.

ಉಗುರಿನಿಂದ ಕಾಂಡ ಕೆರೆದೆ. ಬುಡದ ಹತ್ತಿರ ಒಂದು ಗೇಣು ಮಾತ್ರ ಹಸಿರು. ಮೇಲಿನದನ್ನು ಕತ್ತರಿಸಿ, ಬಿಸಿನೀರಿನ ಹಬೆ ಸಿಗಲೆಂದು ಕುಂಡವನ್ನು ಬಚ್ಚಲಿನ ಕಿಟಕಿಗೆ ಸೇರಿಸಿದೆ. (ಹೀಟರಿನ ಜಾಲರಿಯ ಪಕ್ಕ ಮಾತ್ರ ಇಡಬೇಡಿ, ಚಳಿ ಬಿಟ್ಟದ್ದನ್ನು ಅದು ಒಣಗಿಸಿ ಮುಗಿಸುತ್ತದೆ.) ಮೂರು ತಿಂಗಳು ಆ ಮೋಟನ್ನು ದಿಟ್ಟಿಸುತ್ತಾ ಹಲ್ಲುಜ್ಜಿದೆ. ಮೈಸೂರಿನಿಂದ ಆಂಟಿಯ ಫೋನ್ ಬಂದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ.

“ಹೇಗಿದೆ?”

“ಒಳಗಿದೆ ಆಂಟಿ.”

ಸುಳ್ಳಲ್ಲವಲ್ಲ!

ಫೆಬ್ರವರಿ ಕೊನೆಗೆ ಆಂಟಿ ಬಂದು ಬಚ್ಚಲ ಬಾಗಿಲಲ್ಲಿ ನಿಂತರು. ಮೋಟಿನ ಪಕ್ಕದಲ್ಲಿ ಉಗುರಿನಷ್ಟು ಒಂದೇ ಒಂದು ಚಿಗುರು.

“ಎಷ್ಟಕ್ಕೆ ಇಳಿಸ್ದೆ?” ಅಂದರು.

“ಮೂವತ್ತಾರಕ್ಕೆ.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ತುಂಬಾ ಹೊತ್ತು ಒರೆಸಿದರು. ಕುಂಡವನ್ನು ಅವರ ಕಾರಿಗೆ ಇಡೋಣವೆಂದು ನಾನು ಎತ್ತಿಕೊಂಡರೆ ತಡೆದರು. “ಬೇಡ, ನಿನ್ನ ಹತ್ರಾನೇ ಇರ್ಲಿ. ಈಗ ನಿಂಗೆ ನನಗಿಂತ ಜಾಸ್ತಿ ಭಯ ಇದೆ.”

ಮೇ ತಿಂಗಳಿಗೆ ಐದು ಎಲೆ ಬಂದವು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಶಾರ್ಲೆಟ್‌ಗೆ ಹೋದೆ. ನೆಂಟರಿಗೆ ಕೊಟ್ಟ ತಾಂಬೂಲದ ಎಲೆಯೆಲ್ಲ ನ್ಯೂಜೆರ್ಸಿಯಿಂದ ತರಿಸಿದ್ದು. ಮದುಮಗಳ ಕೈಯಲ್ಲಿದ್ದವು ಮಾತ್ರ ನಮ್ಮ ಬಳ್ಳಿಯವು. ಆಂಟಿ ದೂರದಿಂದಲೇ ನನ್ನ ಕಡೆ ನೋಡಿ ಐದು ಬೆರಳು ಎತ್ತಿ ತೋರಿಸಿದರು. ಆಶೀರ್ವಾದವೋ, ಐವತ್ತನ್ನು ನೆನಪಿಸಿದರೋ, ಇವತ್ತಿಗೂ ಗೊತ್ತಿಲ್ಲ.

ಟಿವಿಯವನು ಈಗಷ್ಟೇ ‘ರಾತ್ರಿ ನಲವತ್ತೊಂಬತ್ತು’ ಅಂದ. ಹೊರಗೆ ಆಕಾಶ ಫಳಫಳ. ಹಳೆಯ ಕೌದಿ ಹಾಸಿ, ಕುಂಡವನ್ನು ಓರೆಮಾಡಿ ಅದರ ಮೇಲೆ ಕೂರಿಸಿ, ಏದುಸಿರು ಬಿಡುತ್ತಾ ಒಳಗೆಳೆದುಕೊಂಡೆ. ಮಗಳಿಗೆ ಫೋನ್ ಮಾಡಿ ಹೇಳಿದರೆ ನಕ್ಕಳು: “ಅಮ್ಮಾ, ಒಂದು ಡಿಗ್ರಿ ಅಷ್ಟೇ!”

ಐವತ್ತು ಅಂದರೆ ಐವತ್ತು.