ಎಡಕ್ಕೆ ಇಟ್ಟ ತಟ್ಟೆ

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯುವುದು ನಿಧಾನ. ಆದರೆ ಇದನ್ನು ಬೇರೆಯವರು ಹೇಳಿದರೆ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾರೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಕತಾರಿಗೆ ಮೆಟ್ರೋ ಎಲ್ಲ ಬರುವ ಮೊದಲು, ದೋಹಾ ಪಕ್ಕದ ಮುಐದರ್‌ನಲ್ಲಿ ಒಬ್ಬ ಜರ್ಮನಿಯ ಮುದುಕನ ಮನೆಯಲ್ಲಿ ಅಡುಗೆಗೆ ಇದ್ದೆ. ಅವನ ಕೆಲಸ ಆರ್ಕೆಸ್ಟ್ರಾದ ಮುಂದೆ ನಿಂತು ಕೋಲು ಆಡಿಸುವುದು. ತಾನು ಒಂದು ವಾದ್ಯವನ್ನೂ ಮುಟ್ಟುವುದಿಲ್ಲ. ಎದುರು ಕುಳಿತವರು ಕೋಲು ನೋಡಿ ಬಾರಿಸಬೇಕು, ಯಾರು ತಪ್ಪಿದರೂ ಅವನ ಕಿವಿಗೆ ಗೊತ್ತಾಗಬೇಕು. ಸಂಬಳ ಕೊಡುತ್ತಿದ್ದದ್ದು ಆ ಕಿವಿಗೆ.

ಅವನ ಜೀವಮಾನವೆಲ್ಲ ಗೋಡೆಯ ಫೋಟೋಗಳಲ್ಲಿ ತೂಗುತ್ತಿತ್ತು. ದಿನಾ ಧೂಳು ಒರೆಸಿ ನನಗೆ ಬಾಯಿಪಾಠ. ಮೊದಲನೆಯದರಲ್ಲಿ ಸಣ್ಣ ಊರಿನ ನಾಟಕಶಾಲೆ, ಹಾಡು ಕಲಿಯುವವರಿಗೆ ಪಿಯಾನೋ ಬಾರಿಸುವ ಒಣಕಲ. ಆಮೇಲೆ ಅಲ್ಲೇ ಕೋಲು ಹಿಡಿದ. ಆಮೇಲೆ ದೊಡ್ಡ ಪಟ್ಟಣ, ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ, ಅದಕ್ಕೆ ಒಪೆರಾ ಅನ್ನುತ್ತಾರೆ. ನಡುವಿನ ಫೋಟೋದಲ್ಲಿ ಕಾಲ ಬುಡದಲ್ಲಿ ಹೂವಿನ ರಾಶಿ. ಅಲ್ಲಿಂದ ಮುಂದೆ ತಲೆಗೂದಲೂ ಕಡಿಮೆ, ಹೂವೂ ಕಡಿಮೆ. ಕೊನೆಯದು ದೋಹಾ.

ಅವನ ಎಡಗಿವಿ ಸತ್ತಿದೆ ಅಂತ ಮೊದಲು ತಿಳಿದವಳು ನಾನು. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಕುಕ್ಕರ್ ಐದು ಸೀಟಿ ಹೊಡೆದರೂ ಏಳುತ್ತಿರಲಿಲ್ಲ. ಮಗ್ಗುಲು ಬದಲಿಸಿದ ದಿನ ಚಮಚ ಬಿದ್ದರೂ ಬೈಗುಳ. ನಾನು ಬಾಯಿ ಬಿಡಲಿಲ್ಲ. ಊಟಕ್ಕೆ ಯಾರು ಬಂದರೂ ಅವರ ತಟ್ಟೆಯನ್ನು ಅವನ ಬಲಕ್ಕೆ ಇಡುತ್ತಿದ್ದೆ. ಹಾಗೆ ಇಡು ಅಂತ ಅವನು ಹೇಳಲಿಲ್ಲ, ಯಾಕೆ ಅಂತ ನಾನು ಕೇಳಲಿಲ್ಲ. ಅವನ ವೀಸಾ ಇದ್ದರೆ ನನ್ನ ವೀಸಾ.

ಒಂದು ಸಂಜೆ, ಆರ್ಕೆಸ್ಟ್ರಾ ಆಫೀಸಿನ ಕಾರು ಓಡಿಸುವ ಉಪ್ಪಿನಂಗಡಿಯ ಬ್ಯಾರಿ ಚಹಾಕ್ಕೆ ಅಡುಗೆಮನೆಗೆ ಬಂದ.

“ಇವತ್ತು ನಿಮ್ಮ ಯಜಮಾನ್ರು ಕೊಳಲು ಊದುವ ಹೆಂಗಸನ್ನು ಎಲ್ರೆದುರು ನಿಲ್ಲಿಸಿದ್ರು ಅಕ್ಕ. ನೀನು ಊದ್ಲೇ ಇಲ್ಲ ಅಂತ. ಆರು ಸಲ ಊದಿಸಿದ್ರು, ಅಳ್ತಾ ಅಳ್ತಾ ಊದಿದ್ಳು. ಕಡೆಗೆ ಖಲಾಸ್, ಊರಿಗೆ ಹೋಗು ಅಂದ್ರು.”

“ಮೊದ್ಲು ಊದಿದ್ಳಾ, ಇಲ್ವಾ?”

“ಬಾಗಿಲ ಹತ್ರ ನಿಂತ ನಂಗೆ ಕೇಳಿದೆ ಮಾರಾಯ್ರೆ!”

“ಅವಳು ಕೂತ್ಕೊಳ್ಳೋದು ಯಾವ ಕಡೆ?”

“ಅವರ ಎಡಗಡೆ. ಎಂತಕ್ಕೆ?”

“ಎಂತದೂ ಇಲ್ಲ. ಚಾ ಕುಡಿ.”

ಅವಳು ಊರಿಗೆ ಹೋದಳು. ನನ್ನ ಅನ್ನಕ್ಕೆ ಕಲ್ಲು ಬೀಳಲಿಲ್ಲವಲ್ಲ ಅಂತ ನಾನು ತೆಪ್ಪಗಿದ್ದೆ.

ಅದಾಗಿ ತಿಂಗಳಿಗೆ ಊರಿನಿಂದ ಫೋನು. ನನ್ನನ್ನು ಸಾಕಿದ ಅಕ್ಕ ಸತ್ತಿದ್ದಳು. ಹದಿಮೂರನೇ ದಿನದ ಬೊಜ್ಜಕ್ಕೆ ಎಲೆ ಹಾಕಿ ಸತ್ತವರಿಗೆ ಬಡಿಸಬೇಕು, ಅವಳಿಗೆ ಇದ್ದವಳು ನಾನೊಬ್ಬಳೇ. ಕತಾರ್ ಬಿಟ್ಟು ಹೊರಡಲು ಯಜಮಾನನ ಸಹಿ ಬೇಕು. ಅವನ ಬಲಕ್ಕೆ ನಿಂತು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

“ಮುಂದಿನ ವಾರ ಆರ್ಕೆಸ್ಟ್ರಾದ ಮ್ಯಾನೇಜರ್ ಊಟಕ್ಕೆ ಬರ್ತಾನೆ, ನನ್ನ ಕಾಂಟ್ರಾಕ್ಟಿನ ಮಾತಿದೆ. ಅಡುಗೆ ಯಾರು ಮಾಡ್ತಾರೆ?” ಅಂದ. “ಸತ್ತವಳಿಗೆ ಹಸಿವಿಲ್ಲ.”

ಬೊಜ್ಜದ ದಿನವೇ ಆ ಊಟ ಬಿತ್ತು. ಕೋಳಿ ಬೇಯಿಸಿದೆ, ಆಲೂಗಡ್ಡೆ ಹಿಸುಕಿದೆ. ಮ್ಯಾನೇಜರನ ತಟ್ಟೆಯನ್ನು ಎಡಕ್ಕೆ ಇಟ್ಟೆ. ಉಳಿದ ಕುರ್ಚಿಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಮುದುಕ ಮೇಜು ನೋಡಿದ, ನನ್ನನ್ನು ನೋಡಿದ. ಬಂದವನ ಎದುರು ಏನು ಹೇಳುತ್ತಾನೆ? ಕುಳಿತ.

ಮ್ಯಾನೇಜರ್ ಮೆಲುದನಿಯ ಮನುಷ್ಯ, ಮುದುಕನ ಬಲಗಿವಿಯ ಪಕ್ಕದಲ್ಲೇ ಏಸಿ ಗುರುಗುಡುತ್ತಿತ್ತು. ಮುಂದಿನ ವರ್ಷಕ್ಕೆ ಎಷ್ಟು ಸಂಗೀತ ಕಛೇರಿ ಅಂತ ಕೇಳಿದ. “ಹೌದು, ಕೋಳಿ ಚೆನ್ನಾಗಿದೆ,” ಅಂದ ಮುದುಕ. ಮತ್ತೆ ಕೇಳಿದರೆ ತಮಾಷೆ ಅಂದುಕೊಂಡು ನಕ್ಕ. ಮ್ಯಾನೇಜರ್ ಮೊಬೈಲು ತೆಗೆದು ಮೇಜಿನ ಕೆಳಗೆ ಹಿಡಿದು, ಪರೀಕ್ಷೆ ಮಾಡುವವನ ಹಾಗೆ ಸಣ್ಣಗೆ ರಿಂಗಾಗಲು ಬಿಟ್ಟ. ಅದು ಬಡಿದುಕೊಳ್ಳುತ್ತಲೇ ಇತ್ತು, ಮುದುಕ ಜಗಿಯುತ್ತಲೇ ಇದ್ದ. ನೀರು ಬಡಿಸಲು ನಿಂತಿದ್ದ ನನ್ನ ಮುಖವನ್ನು ಮ್ಯಾನೇಜರ್ ನೋಡಿದ. ನಾನು ನನ್ನ ಎಡಗಿವಿ ಮುಟ್ಟಿ ತೋರಿಸಿದೆ.

ಎರಡೇ ವಾರ. ಅವನ ವೀಸಾ ರದ್ದು, ಜೊತೆಗೆ ನನ್ನದೂ. ನನ್ನ ಕಾಗದಕ್ಕೆ ಸಹಿ ಹಾಕಿ ಕೇಳಿದ, “ಯಾವಾಗಲೂ ಬಲಕ್ಕೇ ಇಡ್ತಿದ್ದೆ. ಅವತ್ತು ಯಾಕೆ ಹಾಗೆ ಮಾಡಿದೆ?”

ನಾನು ಅವನ ಎಡಕ್ಕೆ ಹೋಗಿ ನಿಂತು ಮೆಲ್ಲಗೆ ಉತ್ತರ ಹೇಳಿದೆ. “ಏನು? ಏನಂದೆ?” ಅಂದ. ಕಾಗದ ಎತ್ತಿಕೊಂಡು ಹೊರಟೆ.

ವಿಮಾನಕ್ಕೆ ಬಿಡಲು ಬಂದ ಬ್ಯಾರಿ, “ಆ ಕೊಳಲಿನ ಹೆಂಗಸಿಗೆ ನ್ಯಾಯ ಕೊಡ್ಸಿದ್ರಿ ಅಕ್ಕ,” ಅಂದ.

“ನ್ಯಾಯವೂ ಇಲ್ಲ, ಮಣ್ಣೂ ಇಲ್ಲ. ಅವಳಿಗೋಸ್ಕರ ಆಗಿದ್ರೆ ಅವತ್ತೇ ಮಾಡ್ತಿದ್ದೆ. ಪೆಟ್ಟಿಗೆ ಎತ್ತು.”